ಇಶಾಪುರದ ಕೋವಿ ಓಹಾಯೋದಲ್ಲಿ

ಓಹಾಯೋದಿಂದ ಕಾಸರಗೋಡಿನ ಪೆರ್ಲದ ಮನೆಗೆ ಫೋನ್ ಮಾಡಿ ಕೋವಿ ತೆಗೆದುಕೊಂಡೆ ಎಂದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಯಾವುದು?" ಎಂದರು. "ನಮ್ಮ ಪೊಲೀಸರದ್ದು ಉಂಟಲ್ಲ ಅಪ್ಪಾ, ತ್ರೀ ನಾಟ್ ತ್ರೀ, ಹೆಚ್ಚುಕಡಿಮೆ ಅದೇ. ನಮ್ಮ ದೇಶದಲ್ಲೇ ಮಾಡಿದ್ದು." ಅವರಿಗೆ ನಂಬಿಕೆ ಬರಲಿಲ್ಲ. ಅಂಗಡಿಯಲ್ಲಿ ಅದನ್ನು ನೋಡಿದಾಗ ನನಗೂ ಬಂದಿರಲಿಲ್ಲ.

ಹಳೆಯ ಕೋವಿಗಳ ಸಾಲಿನ ಕೊನೆಯಲ್ಲಿ, ಯಾರೂ ಕೈ ಹಾಕದ ಮೂಲೆಯಲ್ಲಿ ನಿಲ್ಲಿಸಿದ್ದರು. ಮರವೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. ಬೋಲ್ಟಿನ (ತೋಟೆ ತುಂಬಲು ಹಿಂದೆಮುಂದೆ ಎಳೆಯುವ ಅಗುಳಿ) ಹಿಡಿಯ ಕೆಳಗಿನ ಕಬ್ಬಿಣದ ಮೇಲೆ ಬೆರಳಾಡಿಸಿದರೆ ಅಕ್ಷರಗಳು ತಗಲಿದವು: ಆರ್.ಎಫ್.ಐ., 2ಎ1, 1967. ರೈಫಲ್ ಫ್ಯಾಕ್ಟರಿ ಇಶಾಪುರ. ಕಲ್ಕತ್ತದ ಹತ್ತಿರ, ಹೂಗ್ಲಿ ನದಿಯ ದಡದಲ್ಲಿ ಕೆಲಸಗಾರರು ಇದನ್ನು ಮಾಡುವಾಗ ಅಪ್ಪ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದರು. ಬೆಲೆ 400 ಡಾಲರ್. ಅದೇ ಗೋಡೆಯ ಹೊಸ ರೈಫಲ್‌ಗಳ ಮುಂದೆ ಅದು ಏನೇನೂ ಅಲ್ಲ.

ಊರಿನವರಿಗೆ ಸ್ವಲ್ಪ ವಿವರಿಸಬೇಕು. ಠಾಣೆಯ ಪೊಲೀಸರ ಹೆಗಲಲ್ಲಿ ನಾವು ನೋಡಿದ್ದು .303 ಲೀ-ಎನ್‌ಫೀಲ್ಡ್. ಅದರ ಈ ಮಾದರಿಯ ಮೂಲ ವಿನ್ಯಾಸ 1907ರದ್ದು. 1962ರ ಚೀನಾ ಯುದ್ಧದ ಬಳಿಕ ನಮ್ಮ ಸೇನೆಗೆ 7.62 ಮಿಲ್ಲಿಮೀಟರ್ ತೋಟೆಯ ಹೊಸ ಎಸ್.ಎಲ್.ಆರ್. (ತಾನೇ ತೋಟೆ ತುಂಬಿಕೊಳ್ಳುವ ರೈಫಲ್) ಬರತೊಡಗಿತು. ಅದೇ ತೋಟೆ ಹಳೆಯ ಬೋಲ್ಟ್ ರೈಫಲ್‌ಗೂ ಆಗಲಿ ಎಂದು ಇಶಾಪುರದಲ್ಲಿ 2ಎ ಎಂಬ ಮಾದರಿ ಮಾಡಿದರು, ಹಿಂದೆಯೇ 2ಎ1. ಹೊಸ ತೋಟೆಯ ಒತ್ತಡ ಜಾಸ್ತಿಯಾದ್ದರಿಂದ ಇನ್ನೂ ಗಟ್ಟಿಯಾದ ಉಕ್ಕು ಹಾಕಿದರು. ಮ್ಯಾಗಜೀನಿಗೆ 12 ತೋಟೆ, ಗುರಿ ಹಿಡಿಯುವ ಸೈಟಿನಲ್ಲಿ 800 ಮೀಟರಿನವರೆಗೆ ಗುರುತು. ಹಳೆಯದನ್ನು ರಿಪೇರಿ ಮಾಡಿದ್ದು ಎಂದು ಇಲ್ಲಿ ಎಷ್ಟೋ ಮಂದಿ ತಿಳಿದಿದ್ದಾರೆ. ಅಲ್ಲ, ಇದನ್ನು ಹೊಸದಾಗಿಯೇ ಮಾಡಿದ್ದು. ಯಾರಾದರೂ ಹಾಗೆ ಹೇಳಿದರೆ ನಾನು ತಿದ್ದದೆ ಬಿಡುವುದಿಲ್ಲ.

ಅಮೇರಿಕದಲ್ಲಿ ಯಾರು ಬೇಕಾದರೂ ಹೋಗಿ ಕೋವಿ ತರಬಹುದು ಎಂಬ ಮಾತು ಊರಲ್ಲಿ ಕೇಳಿದ್ದೇನೆ. ವೀಸಾದಲ್ಲಿ ಇರುವವರಿಗೆ ಸಾಮಾನ್ಯವಾಗಿ ಅದಕ್ಕೆ ಅವಕಾಶವಿಲ್ಲ. ನಾನು ಗ್ರೀನ್ ಕಾರ್ಡ್ ಸಿಗುವವರೆಗೆ ಕಾದೆ. ಅದಾದ ಮೇಲೆ ಮಾತ್ರ ಎಲ್ಲ ಸಲೀಸು. ಒಂದು ಫಾರ್ಮ್ ತುಂಬಿದೆ, ಅಂಗಡಿಯವರು ಕೇಂದ್ರ ಸರ್ಕಾರದ ದಾಖಲೆಯಲ್ಲಿ ನನ್ನ ಹೆಸರು ಪರೀಕ್ಷಿಸಿದರು, ಕಾಲು ಗಂಟೆಯಲ್ಲಿ ಕೋವಿ ಕಾರಿನೊಳಗಿತ್ತು.

ಆ ಕಾಲು ಗಂಟೆ ನನ್ನ ಮನಸ್ಸಿನಲ್ಲಿ ಇನ್ನೂ ಕುಟುಕುತ್ತದೆ. ಅಪ್ಪನ ಹತ್ತಿರ ಇರುವುದು ಒಂಟಿ ನಳಿಗೆಯ ಕೋವಿ, ಬೆಳೆ ಕಾಯಲಿಕ್ಕೆಂದು ಲೈಸನ್ಸ್ ಕೊಟ್ಟದ್ದು. ಅದರ ನವೀಕರಣಕ್ಕೆ ಎಷ್ಟು ಸಲ ಬಸ್ಸು ಹತ್ತಿದ್ದಾರೋ ಲೆಕ್ಕವಿಲ್ಲ. ಕೈಗೆ ಕೊಡುವ ಕಾಗದ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಅಪ್ಪ ಅದನ್ನು ಓದಿಸಿಕೊಳ್ಳಲು ಇನ್ನೊಬ್ಬರ ಮುಂದೆ ನಿಲ್ಲಬೇಕು. ಚುನಾವಣೆ ಬಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಕಾಡುಹಂದಿಗೆ ಚುನಾವಣೆ ಗೊತ್ತಾ? ಕಳೆದ ಸಲ ಕೋವಿ ಠಾಣೆಯಲ್ಲಿದ್ದಾಗಲೇ ಕೆಳಗಿನ ತೋಟಕ್ಕೆ ಹಿಂಡು ನುಗ್ಗಿ ಬಾಳೆಯ ಬುಡ ಅಗೆದು, ಆ ವರ್ಷ ನೆಟ್ಟ ಅಡಿಕೆ ಸಸಿಗಳನ್ನು ಮಗುಚಿ ಹಾಕಿತ್ತು. 2022ರಲ್ಲಿ ಕೇರಳ ಸರ್ಕಾರ ಇಂಥ ಹಂದಿಗಳನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿತು, ಒಳ್ಳೆಯದಾಯಿತು. ಆದರೆ ಈಡು ಹೊಡೆಯಲು ಲೈಸನ್ಸ್ ಇರುವ ಕೋವಿ ಮನೆಯಲ್ಲಿ ಇರಬೇಕಲ್ಲ. ತೋಟ ಕಾಯಬೇಕಾದವರಿಗೆ ಅಷ್ಟು ಅಲೆದಾಟ, ಬರೀ ಕಾಗದಕ್ಕೆ ತೂತು ಹಾಕುವ ನನಗೆ ಕಾಲು ಗಂಟೆ. ಇದು ನನಗೆ ಸರಿ ಕಾಣುವುದಿಲ್ಲ.

ಮನೆಗೆ ತಂದು ಮೂರು ರಾತ್ರಿ ಗ್ರೀಸ್ ತೆಗೆದೆ. ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಬನಿಯನ್ ತುಂಡು ಕಪ್ಪಾಗುವುದು ನಿಲ್ಲಲೇ ಇಲ್ಲ. ಬೋಲ್ಟಿನ ಅಳತೆ ಸರಿ ಉಂಟಾ ಎಂದು ಕೋವಿ ರಿಪೇರಿಯವರಿಂದ ಗೇಜ್ ಹಾಕಿಸಿ ನೋಡಿಸಿದೆ. ಹಳೆಯ ಕೋವಿ ತೆಗೆದುಕೊಂಡವರು ಯಾರೂ ಇದನ್ನು ಬಿಡಬಾರದು.

ಮೊದಲ ಭಾನುವಾರ ಗುರಿ ಅಭ್ಯಾಸದ ಮೈದಾನದಲ್ಲಿ ನನಗೆ ಅಳು ಬರುವುದೊಂದು ಬಾಕಿ. 100 ಗಜದಲ್ಲಿ ಹೊಡೆದ ಗುಂಡುಗಳು ಒಂಬತ್ತು ಇಂಚು ಎಡಕ್ಕೆ, ಅದೂ ಬೀಜ ಎರಚಿದ ಹಾಗೆ. ಮೈದಾನ ನೋಡಿಕೊಳ್ಳುವ ಹಿರಿಯರು ಬಂದು ಕೋವಿಯನ್ನು ಮಗುಚಿ, ಕುದುರೆಯ (ಬೆರಳಲ್ಲಿ ಎಳೆಯುವ ಟ್ರಿಗರ್) ಮುಂದಿನ ಸ್ಕ್ರೂಗೆ ಬೆರಳಿಟ್ಟರು. ಸಡಿಲ! ಈ ಕೋವಿಯಲ್ಲಿ ಮುಂದಿನ ಮರ ಕಬ್ಬಿಣಕ್ಕೆ ಗಟ್ಟಿಯಾಗಿ ಕೂತಿರಬೇಕು. ಅಲುಗಾಡಿದರೆ ನಳಿಗೆಯ ಮೇಲೆ ಅದರ ಒತ್ತಡ ಈಡಿಗೊಂದು ಥರ ಆಗುತ್ತದೆ. ಬಿಗಿ ಮಾಡಿದ ಮೇಲೆ ಗುಂಡುಗಳು ಒಟ್ಟಿಗೆ ಬಂದವು, ಎಡಕ್ಕೇ ಆದರೂ.

ಎಡಕ್ಕೆ ಹೋಗುವ ಗುಂಡನ್ನು ಬಲಕ್ಕೆ ತರಬೇಕಾದರೆ ನಳಿಗೆ ತುದಿಯ ಸೈಟನ್ನು ಇನ್ನೂ ಎಡಕ್ಕೆ ಸರಿಸಬೇಕು. ಎರಡು ಸೈಟುಗಳ ನಡುವೆ ಸುಮಾರು ಹತ್ತೊಂಬತ್ತೂವರೆ ಇಂಚು. ಲೆಕ್ಕ ಹಾಕಿದರೆ ಸರಿಸಬೇಕಾದದ್ದು ಒಂದು ಮಿಲ್ಲಿಮೀಟರಿಗಿಂತ ಚೂರು ಹೆಚ್ಚು, ಅಷ್ಟೇ. ಸ್ಕ್ರೂ ತಿರುಗಿಸಿ ತಳ್ಳುವ ಸಣ್ಣ ಸಾಧನ ಸಿಗುತ್ತದೆ. ಉಸಿರು ಹಿಡಿದು ಕಾಲು ಸುತ್ತು ಕಾಲು ಸುತ್ತಾಗಿ ತಿರುಗಿಸಿದೆ. ಸಂಜೆಯ ಕೊನೆಯ ಐದು ಗುಂಡುಗಳು ನಡುವಿನ ಕಪ್ಪು ವೃತ್ತದಲ್ಲಿ, ಮೂರು ಇಂಚಿನೊಳಗೆ. ದುರ್ಬೀನು ಇಲ್ಲ, ಬರಿಗಣ್ಣು. ಐವತ್ತು ದಾಟಿದ ಕೋವಿಗೆ, ಐವತ್ತರ ಹತ್ತಿರ ಬಂದ ಕಣ್ಣಿಗೆ ಇದಕ್ಕಿಂತ ಹೆಚ್ಚು ನಾನು ಕೇಳುವುದಿಲ್ಲ.

ಆ ಬೋಲ್ಟಿನ ಸುಖವನ್ನು ಹೇಗೆ ಹೇಳಲಿ! ಹಿಡಿ ಕುದುರೆಯ ಪಕ್ಕದಲ್ಲೇ ಇದೆ. ಸ್ವಲ್ಪ ಎತ್ತಿ ಹಿಂದಕ್ಕೆಳೆದರೆ ಖಾಲಿ ತೋಟೆ ಟಣ್ಣನೆ ಹಾರುತ್ತದೆ. ಮುಂದಕ್ಕೆ ನೂಕುವಾಗ ಕೊನೆಯಲ್ಲಿ ಸ್ಪ್ರಿಂಗು ಕೈಗೆ ತಡೆಯುತ್ತದೆ. ಕೋವಿ ಸಜ್ಜಾಗುವುದು ಆ ತಳ್ಳುವಿಕೆಯಲ್ಲೇ. ಒಂದು ತೋಟೆಗೆ ಸುಮಾರು ಒಂದು ಡಾಲರ್, ಆದ್ದರಿಂದ ನಾನು ಅವಸರ ಮಾಡುವುದಿಲ್ಲ. ತಿಂಗಳಿಗೆ ಒಂದು ದಿನ, ಇಪ್ಪತ್ತು ಗುಂಡು. "ಸೀಸ್ ಫೈರ್" ಎಂದು ಕೂಗಿದ ಕ್ಷಣ ಎಲ್ಲರೂ ಬೋಲ್ಟ್ ತೆರೆದಿಟ್ಟು ಹಳದಿ ಗೆರೆಯ ಹಿಂದೆ ಹೋಗಿ ನಿಲ್ಲುತ್ತೇವೆ. ಖಾಲಿ ಅಂತ ಗೊತ್ತಿದ್ದರೂ ನಳಿಗೆ ಮನುಷ್ಯರ ಕಡೆಗೆ ತಿರುಗಬಾರದು ಎಂದು ಅಪ್ಪ ಜಗಲಿಯಲ್ಲಿ ಕಲಿಸಿದ್ದಕ್ಕೂ ಇಲ್ಲಿಯ ಬೋರ್ಡಿನಲ್ಲಿ ಬರೆದದ್ದಕ್ಕೂ ಏನೂ ವ್ಯತ್ಯಾಸವಿಲ್ಲ.

ಈ ಸಲ ಊರಿಗೆ ಬಂದಾಗ ಆ ಐದು ಗುಂಡು ಬಿದ್ದ ಗುರಿಯ ಕಾಗದವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು ತಂದಿದ್ದೆ. ಅಪ್ಪ ಕನ್ನಡಕ ಹಾಕಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಒಳಗೆ ಹೋಗಿ ಒಂದು ತೆಂಗಿನ ಗೆರಟೆ ತಂದು ಕಾಗದದ ಮೇಲೆ ಕವುಚಿದರು. ಐದೂ ತೂತು ಅಡಿಯಲ್ಲಿ ಮುಚ್ಚಿಹೋದವು.

"ದೂರ ಎಷ್ಟು ಹೇಳಿದೆ?"

"ತೊಂಬತ್ತು ಮೀಟರ್, ಅಪ್ಪಾ."

ಎದ್ದು ಜಗಲಿಯ ತುದಿಗೆ ನಡೆದರು. "ಅಂದರೆ ಇಲ್ಲಿಂದ ಕೆರೆಯ ಹತ್ತಿರದ ಆ ಹಲಸಿನ ಮರಕ್ಕೆ," ಎಂದು ಕೈ ತೋರಿಸಿ, ಆ ಕಡೆಗೇ ನೋಡುತ್ತಾ ತುಂಬಾ ಹೊತ್ತು ನಿಂತರು.