ಅಪ್ಪ ಇರುವಾಗಲೇ ಪಾಲು ಮಾಡಬೇಕೇ, ವಿಲ್ ಬರೆದಿಟ್ಟರೆ ಸಾಲದೇ?

"ಅಪ್ಪನಿಗೆ ಎಪ್ಪತ್ತೈದು ದಾಟಿತು. ಈಗಲೇ ಪಾಲು ಮಾಡಿಸಿಬಿಡೋಣವೇ, ವಿಲ್ ಬರೆಸಿಟ್ಟರೆ ಸಾಕೇ? ದಾನಪತ್ರ ಸುಲಭ ಅಂತಾರಲ್ಲ, ಹೌದೇ?" ಕಾಗದಪತ್ರದ ಕೆಲಸ ಬಲ್ಲವರನ್ನು ಕಂಡಾಗ ಜನ ಮೊದಲು ಕೇಳುವ ಪ್ರಶ್ನೆ ಇದೇ. ಎಲ್ಲ ಆಸ್ತಿಯನ್ನೂ ಒಂದೇ ಪತ್ರದಲ್ಲಿ ಮುಗಿಸಲು ಹೋಗಬೇಡಿ ಎಂಬುದು ನನ್ನ ಉತ್ತರ. ಪಿತ್ರಾರ್ಜಿತಕ್ಕೆ ಅಪ್ಪ ಗಟ್ಟಿಯಾಗಿರುವಾಗಲೇ ನೋಂದಾಯಿತ ವಿಭಾಗ ಪತ್ರ ಮಾಡಿಸಿ. ಸ್ವಯಾರ್ಜಿತಕ್ಕೆ ವಿಲ್ ಸಾಕು. ಅಪ್ಪ ಅಮ್ಮ ವಾಸವಿರುವ ಮನೆ ಮಾತ್ರ ಅವರಿಬ್ಬರೂ ಇರುವ ತನಕ ಯಾವ ಮಗನ, ಯಾವ ಮಗಳ ಹೆಸರಿಗೂ ಹೋಗಬಾರದು. ಇಲ್ಲಿ ಹೇಳುತ್ತಿರುವುದು ಕರ್ನಾಟಕದ ಹಿಂದೂ ಕುಟುಂಬಗಳ ಮಾತು. ಮುಸ್ಲಿಮರಿಗೆ, ಕ್ರೈಸ್ತರಿಗೆ ಬೇರೆ ಕಾನೂನಿದೆ.

ಮೊದಲು ಯಾವುದು ಪಿತ್ರಾರ್ಜಿತ, ಯಾವುದು ಸ್ವಯಾರ್ಜಿತ ಎಂದು ಬೇರ್ಪಡಿಸಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ತಾತನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಎಂಬುದು ಊರಿನ ನಂಬಿಕೆ, ಕಾನೂನು ಹಾಗೆ ಹೇಳುವುದಿಲ್ಲ. ತಾತ ತಾನೇ ದುಡಿದು ಕೊಂಡ ಜಮೀನಿದ್ದು, ಅವರು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ವಿಲ್ ಬರೆಯದೆ ತೀರಿಕೊಂಡಿದ್ದರೆ, ಆ ಕಾಯ್ದೆಯ 8ನೇ ಕಲಮಿನಂತೆ ಅಪ್ಪನಿಗೆ ಬಂದ ಭಾಗ ಅಪ್ಪನ ಸ್ವಂತದ್ದು. ಮೊಮ್ಮಕ್ಕಳಿಗೆ ಅದರಲ್ಲಿ ಹುಟ್ಟಿನಿಂದ ಬರುವ ಹಕ್ಕಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1986ರಲ್ಲೇ ಸ್ಪಷ್ಟಪಡಿಸಿದೆ. ಅದೇ ಜಮೀನು ಅವಿಭಕ್ತ ಕುಟುಂಬದ್ದಾಗಿದ್ದು, ಅಣ್ಣತಮ್ಮಂದಿರ ವಿಭಾಗದಲ್ಲಿ ಅಪ್ಪನ ಪಾಲಿಗೆ ಬಂದಿದ್ದರೆ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕುಂಟು. ಹಾಗಾಗಿ ಈಗಿನ ಪಹಣಿಯಲ್ಲಿ ಅಪ್ಪನ ಹೆಸರಿದೆ ಎಂದಷ್ಟೇ ನೋಡಿದರೆ ಸಾಲದು. ಆ ಹೆಸರು ಯಾವ ಮ್ಯುಟೇಶನ್ನಿನಿಂದ, ಅಂದರೆ ಖಾತೆ ಬದಲಾವಣೆಯಿಂದ, ಬಂತು ಎಂದು ಮ್ಯುಟೇಶನ್ ರಿಜಿಸ್ಟರಿನ (ಎಂ.ಆರ್.) ಪ್ರತಿ ತೆಗೆಸಿ ಓದಿ. ಪೌತಿ (ಹಿಂದಿನ ಖಾತೆದಾರರ ಮರಣ), ಕ್ರಯ, ವಿಭಾಗ, ದಾನ, ಇವುಗಳಲ್ಲಿ ಯಾವುದೆಂದು ಅದರಲ್ಲೇ ಬರೆದಿರುತ್ತದೆ.

ಇನ್ನು ಹೆಣ್ಣುಮಕ್ಕಳ ಮಾತು. ಅದೇ ಉತ್ತರಾಧಿಕಾರ ಕಾಯ್ದೆಗೆ ಬಂದ ತಿದ್ದುಪಡಿಯಂತೆ 2005ರ ಸೆಪ್ಟೆಂಬರ್ 9ರಿಂದ ಪಿತ್ರಾರ್ಜಿತದಲ್ಲಿ ಮಗಳು ಮಗನಷ್ಟೇ ಸಮಭಾಗಿ. ಆ ದಿನ ಅಪ್ಪ ಬದುಕಿರಬೇಕಿತ್ತು ಎಂಬ ವಾದವನ್ನೂ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಮುಗಿದ ವಿಭಾಗಗಳನ್ನಷ್ಟೇ ಈ ತಿದ್ದುಪಡಿ ಮುಟ್ಟುವುದಿಲ್ಲ. "ಅವಳ ಮದುವೆಗೆ ಖರ್ಚು ಮಾಡಿದ್ದೇವಲ್ಲ, ಅದೇ ಅವಳ ಪಾಲು" ಎನ್ನುವ ಮಾತು ಕಟ್ಟೆಯ ಮೇಲೆ ನಡೆದೀತು, ಕೋರ್ಟಿನಲ್ಲಿ ನಡೆಯುವುದಿಲ್ಲ. ಮಗಳು ನಿಜವಾಗಿಯೂ ಬೇಡವೆಂದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ಬಿಳಿ ಹಾಳೆಯ ಮೇಲೋ ಛಾಪಾ ಕಾಗದದ ಮೇಲೋ ಸಹಿ ಹಾಕಿಸಿಕೊಂಡು ಬೀರುವಿನಲ್ಲಿಟ್ಟರೆ ಅದಕ್ಕೆ ಬೆಲೆಯಿಲ್ಲ. ಅವಳಿಗೆ ಓದಿ ಹೇಳದೆ, ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆ ಹುಟ್ಟಿಸಿ ಸಹಿ ಪಡೆಯುವುದು ಅನ್ಯಾಯ. ಅಂಥ ಪತ್ರಗಳೇ ಮುಂದೆ ದಾವೆಯಾಗಿ ತಿರುಗಿ ಬರುತ್ತವೆ.

ಈಗ ಜಮೀನಿನ ವಿಭಾಗಕ್ಕೆ ಬರೋಣ. ಒಂದು ಸರ್ವೆ ನಂಬರಿನಲ್ಲಿ 4 ಎಕರೆ 20 ಗುಂಟೆ ಇದೆ, ಅದರಲ್ಲಿ 6 ಗುಂಟೆ ಖರಾಬು (ಸಾಗುವಳಿಗೆ ಬಾರದ ನೆಲ) ಎಂದುಕೊಳ್ಳಿ. ಎಕರೆಗೆ 40 ಗುಂಟೆಯಂತೆ ಪಾಲಿಗೆ ಸಿಗುವುದು 174 ಗುಂಟೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಜನ ಇದನ್ನು ಮೂರರಿಂದ ಭಾಗಿಸಿ ತಲಾ 1 ಎಕರೆ 18 ಗುಂಟೆ ಎಂದು ಬರೆಸಿಬಿಡುತ್ತಾರೆ. ಆದರೆ ಪಿತ್ರಾರ್ಜಿತದಲ್ಲಿ ಅಪ್ಪನೂ ಒಬ್ಬ ಪಾಲುದಾರ. ನಾಲ್ಕು ಪಾಲು ಮಾಡಿದರೆ ತಲಾ 1 ಎಕರೆ 3 ಗುಂಟೆ 8 ಆಣೆ (8 ಆಣೆ ಎಂದರೆ ಅರ್ಧ ಗುಂಟೆ). ಅಪ್ಪ ತನ್ನ ಪಾಲನ್ನು ಬಿಟ್ಟುಕೊಡಬಾರದು. ಅಮ್ಮನ ಮುಂದಿನ ದಿನಗಳಿಗೆ ಆಧಾರ ಅದೇ. ಅದರ ಬಗ್ಗೆ ವಿಲ್ ಬರೆಯಲು ಉತ್ತರಾಧಿಕಾರ ಕಾಯ್ದೆಯ 30ನೇ ಕಲಮಿನಲ್ಲಿ ಅಪ್ಪನಿಗೆ ಪೂರ್ತಿ ಹಕ್ಕಿದೆ.

ಲೆಕ್ಕ ಸರಿಹೋದರೂ ನೆಲ ಸರಿಹೋಗಬೇಕಲ್ಲ. ರಸ್ತೆ ಪೂರ್ವಕ್ಕೊಂದೇ ಇದ್ದರೆ ಪಶ್ಚಿಮದ ಪಾಲಿಗೆ ದಾರಿ ಬೇಕು. "ರೂಢಿಯಂತೆ ಓಡಾಡುವುದು" ಎಂದು ಬರೆಸಬೇಡಿ. ದಾರಿ ಎಷ್ಟು ಅಡಿ ಅಗಲ, ಯಾವ ಬದುವಿಗೆ ತಾಗಿ ಹೋಗುತ್ತದೆ, ಟ್ರ್ಯಾಕ್ಟರ್ ಹೋಗಬಹುದೇ, ಆ ನೆಲ ಯಾರ ಪಾಲಿನ ಲೆಕ್ಕಕ್ಕೆ ಸೇರಿದೆ, ಇಷ್ಟನ್ನೂ ಬರೆಸಿ ನಕ್ಷೆಯಲ್ಲೂ ತೋರಿಸಿ. ಬೋರ್‌ವೆಲ್ ಒಬ್ಬರ ಪಾಲಿಗೆ ಬಿದ್ದರೆ ಉಳಿದವರಿಗೆ ನೀರು ಯಾವ ವಾರ, ಎಷ್ಟು ಹೊತ್ತು, ಕರೆಂಟಿನ ಆರ್.ಆರ್. ನಂಬರ್ ಯಾರ ಹೆಸರಿಗೆ, ಮೋಟಾರು ಸುಟ್ಟರೆ ರಿಪೇರಿಗೆ ಯಾರು ಎಷ್ಟು ಕೊಡಬೇಕು, ಬೋರು ಬತ್ತಿದರೆ ಹೊಸದನ್ನು ಎಲ್ಲಿ ಕೊರೆಸುವುದು ಎಂಬುದೂ ಪತ್ರದಲ್ಲಿರಲಿ. ತೋಟವಾದರೆ ಗುಂಟೆ ಲೆಕ್ಕ ಒಂದೇ ಸಾಲದು. ಫಲ ಬಿಡುವ ಅಡಿಕೆ ಮರಗಳಿರುವ ಗುಂಟೆಯೂ ಎಳೆಯ ಸಸಿ ನೆಟ್ಟ ಗುಂಟೆಯೂ ಸಮವಲ್ಲ. ಮರ ಎಣಿಸಿ, ವಯಸ್ಸು ಬರೆದು, ಕಡಿಮೆ ಬಿದ್ದವರಿಗೆ ಹಣದಲ್ಲಿ ಸರಿದೂಗಿಸಬೇಕು. ಆ ಹಣ ಬ್ಯಾಂಕಿನ ಮೂಲಕವೇ ಹೋಗಲಿ, ಪತ್ರದಲ್ಲೂ ನಮೂದಾಗಲಿ.

ಇದೆಲ್ಲ ಒಪ್ಪಿಗೆಯಾದ ಮೇಲೆ ಕಚೇರಿ ಕೆಲಸ. ಪಹಣಿಯ 11ನೇ ಕಾಲಂನಲ್ಲಿ ಸೊಸೈಟಿ ಅಥವಾ ಬ್ಯಾಂಕಿನ ಸಾಲ ಕುಳಿತಿದ್ದರೆ ಮೊದಲು ತೀರಿಸಿ ಋಣ ತೆಗೆಸಿ. ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರವನ್ನೂ (ಇ.ಸಿ.) ತೆಗೆಸಿ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಸತ್ತ ಮಗನ ಹೆಂಡತಿ ಮಕ್ಕಳ ಹೆಸರೂ ಅದರಲ್ಲಿರಲಿ. ಒಬ್ಬರನ್ನು ಬಿಟ್ಟು ಮಾಡಿದ ವಿಭಾಗ ವರ್ಷಗಳಾದ ಮೇಲೂ ಕೆದಕಲ್ಪಡಬಹುದು. ಪಾಲುದಾರರಲ್ಲಿ ಅಪ್ರಾಪ್ತರಿದ್ದರೆ ಅವರ ಪಾಲು ಒಂದಿಷ್ಟೂ ಕಡಿಮೆಯಾಗಬಾರದು. ಆಮೇಲೆ ಸರ್ವೆಗೆ ಅರ್ಜಿ ಹಾಕಿ, ಪ್ರತಿ ಪಾಲನ್ನೂ ಅಳೆದು ತೋರಿಸುವ 11ಇ ನಕ್ಷೆ ಮಾಡಿಸಬೇಕು. ಸರ್ವೆಯರ್ ಬಂದ ದಿನ ಎಲ್ಲ ಪಾಲುದಾರರೂ ಹೊಲದಲ್ಲಿರಿ. ಕಲ್ಲು ನೆಟ್ಟ ಮೇಲೆ "ನಾನಿರಲಿಲ್ಲ" ಎನ್ನುವವರಿಂದಲೇ ಜಗಳ ಶುರು. ನಕ್ಷೆ ಬಂದ ಮೇಲೆ ಅದರ ಅಳತೆ, ಚೆಕ್ಕುಬಂದಿಗಳನ್ನೇ ಪತ್ರಕ್ಕೆ ಇಳಿಸಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಮಯ ಪಡೆದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಕುಟುಂಬದೊಳಗಿನ ವಿಭಾಗಕ್ಕೂ ದಾನಕ್ಕೂ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಕ್ರಯಪತ್ರದಂತೆ ಬೆಲೆಯ ಶೇಕಡಾವಾರು ಅಲ್ಲ, ನಿಗದಿತ ಮೊತ್ತ. ಅದು ಊರು, ನಗರ, ಜಮೀನಿನ ಬಗೆ ನೋಡಿ ಬದಲಾಗುತ್ತದೆ, ಪರಿಷ್ಕರಣೆಯೂ ಆಗುತ್ತಿರುತ್ತದೆ. ಹೋಗುವ ಮುನ್ನ ಅಂದಿನ ದರ ಕೇಳಿಕೊಳ್ಳಿ.

ನೋಂದಣಿಯ ಖರ್ಚು ಉಳಿಸಲು ಪಂಚರ ಮುಂದೆ ಪಾಲುಪಟ್ಟಿ ಬರೆದುಕೊಂಡು ಸುಮ್ಮನಾಗುವವರು ಇಂದಿಗೂ ಇದ್ದಾರೆ. ಹಿಂದೆ ಆದ ವಿಭಾಗದ ನೆನಪಿಗಾಗಿ ಬರೆದ ಪಟ್ಟಿಗೆ ನೋಂದಣಿ ಬೇಡ ಎಂಬುದು ನಿಜ. ಆದರೆ ಆ ಪಟ್ಟಿಯೇ ಆಸ್ತಿಯನ್ನು ಹಂಚುತ್ತಿದ್ದರೆ ನೋಂದಣಿ ಕಡ್ಡಾಯ. ಮುದ್ರಾಂಕ ಶುಲ್ಕ ಕಟ್ಟದ ಪತ್ರವನ್ನು ಕೋರ್ಟಿಗೆ ಹಾಜರುಪಡಿಸಿದರೆ ಬಾಕಿ ಶುಲ್ಕದ ಹತ್ತು ಪಟ್ಟು ದಂಡ ಬೀಳುತ್ತದೆ.

ದಾನಪತ್ರದ ಬಗ್ಗೆ ನನಗೆ ಭಯವೇ ಹೆಚ್ಚು. ಪಿತ್ರಾರ್ಜಿತವನ್ನು "ಪ್ರೀತಿ ವಿಶ್ವಾಸದಿಂದ" ಒಬ್ಬನಿಗೆ ದಾನ ಕೊಡಲು ಅಪ್ಪನಿಗೆ ಅಧಿಕಾರವೇ ಇಲ್ಲ. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಅಂಥ ದಾನವನ್ನು ಅಸಿಂಧು ಎಂದಿತು. ಸ್ವಯಾರ್ಜಿತವನ್ನು ಕೊಡಬಹುದು, ಆದರೆ ನೋಂದಣಿಯಾದ ಮೇಲೆ ಮನಸ್ಸು ಬದಲಾಯಿಸುವಂತಿಲ್ಲ. ಮಗ ಊಟ ಹಾಕದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ದಾನ ರದ್ದು ಮಾಡಿಸಬಹುದು. ಆದರೆ ತಂದೆತಾಯಿಯನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟಿರಬೇಕು. ಷರತ್ತು ಪತ್ರದಲ್ಲಿಲ್ಲದೆ ಬಿದ್ದುಹೋದ ಅರ್ಜಿಗಳಿವೆ. ಕೊಡಲೇಬೇಕಾದರೆ ಅನ್ನ, ವಸತಿ, ಔಷಧಿಯ ಹೊಣೆಯನ್ನು ಷರತ್ತಾಗಿ ಬರೆಸಿ. "ನಾನೂ ನನ್ನ ಪತ್ನಿಯೂ ಜೀವಂತವಿರುವವರೆಗೆ ವಾಸ ಮತ್ತು ಅನುಭವದ ಹಕ್ಕು ನಮ್ಮದೇ" ಎಂಬ ಸಾಲು ಪತ್ರದಲ್ಲಿರಲೇಬೇಕು.

ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ, ಆದರೂ ಮಾಡಿಸುವುದು ಒಳ್ಳೆಯದು. ಇಬ್ಬರು ಸಾಕ್ಷಿಗಳು ಅಪ್ಪ ಸಹಿ ಹಾಕುವುದನ್ನು ಕಂಡು ಅಪ್ಪನ ಎದುರೇ ಸಹಿ ಹಾಕಬೇಕು. ಅಪ್ಪನಿಗಿಂತ ಚಿಕ್ಕ ವಯಸ್ಸಿನವರನ್ನು, ಆಸ್ತಿ ಪಡೆಯದವರನ್ನು ಆರಿಸಿ. ಮುಂದೆ ವಿಲ್ ರುಜುವಾತು ಮಾಡುವಾಗ ಅವರಲ್ಲಿ ಒಬ್ಬರಾದರೂ ಬಂದು ಸಾಕ್ಷಿ ಹೇಳಬೇಕಾಗುತ್ತದೆ, ನೋಂದಾಯಿತ ವಿಲ್ ಆದರೂ ಅಷ್ಟೇ. ವಯಸ್ಸಾದವರಾದರೆ ಅದೇ ದಿನದ ವೈದ್ಯರ ಪ್ರಮಾಣಪತ್ರವನ್ನು ಜೊತೆಗಿಡಿ. ಹಾಸಿಗೆ ಹಿಡಿದವರಿದ್ದರೆ ಸಬ್ ರಿಜಿಸ್ಟ್ರಾರ್ ಮನೆಗೇ ಬರುವ ಅವಕಾಶ ಕಾನೂನಿನಲ್ಲಿದೆ. ಒಬ್ಬ ಮಗನಿಗೆ ಕಡಿಮೆ ಕೊಡುವುದಾದರೆ ಕಾರಣವನ್ನು ವಿಲ್‌ನಲ್ಲೇ ಎರಡು ಸಾಲಿನಲ್ಲಿ ಹೇಳಿ. ಕಾರಣವಿಲ್ಲದೆ ಒಬ್ಬರನ್ನು ಕೈಬಿಟ್ಟ ವಿಲ್ ಮೇಲೆ ಕೋರ್ಟಿಗೆ ಮೊದಲು ಅನುಮಾನ ಹುಟ್ಟುತ್ತದೆ. ಹೆಚ್ಚು ಪಡೆಯುವ ಮಗನೇ ಮುಂದೆ ನಿಂತು ಬರೆಸಿದ್ದರಂತೂ ಆ ಅನುಮಾನ ಇನ್ನೂ ಬಲವಾಗುತ್ತದೆ.

ವಿಲ್ ಇಲ್ಲದೆ ಅಪ್ಪ ತೀರಿಕೊಂಡರೆ ಅವರ ಸ್ವಂತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು. ಅಪ್ಪನ ತಾಯಿ ಇನ್ನೂ ಇದ್ದರೆ ಅಜ್ಜಿಗೂ ಒಂದು ಪಾಲು. ಅದನ್ನು ಮರೆತು ಪೌತಿ ಖಾತೆ ಮಾಡಿಸಿದರೆ ಅಜ್ಜಿಯ ಹೆಣ್ಣುಮಕ್ಕಳು, ಅಂದರೆ ನಿಮ್ಮ ಅತ್ತೆಯಂದಿರು, ಮುಂದೆ ಕೇಳಬಹುದು. ಬ್ಯಾಂಕಿನ ಠೇವಣಿಗೆ ನಾಮಿನಿಯಾದವರು ಹಣ ತೆಗೆದುಕೊಳ್ಳಬಹುದು, ಅದರ ಒಡೆಯರಾಗುವುದಿಲ್ಲ, ವಾರಸುದಾರರಿಗೆ ಹಂಚಬೇಕು. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ಹಣ ಅವರದ್ದೇ ಎಂದು ಕಾಯ್ದೆ ಹೇಳುತ್ತದೆ, ಆದರೆ ಬೇರೆ ವಾರಸುದಾರರು ಪಾಲು ಕೇಳಿದರೆ ಏನೆಂಬುದರಲ್ಲಿ ಕೋರ್ಟುಗಳು ಒಂದೇ ಮಾತು ಹೇಳಿಲ್ಲ.

ನೋಂದಣಿಯಾಯಿತೆಂದು ಪತ್ರವನ್ನು ಬೀರುವಿಗೆ ಸೇರಿಸಿಬಿಡಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಕಂದಾಯ ಇಲಾಖೆಯ 'ಭೂಮಿ' ತಂತ್ರಾಂಶಕ್ಕೆ ಜೆ ಸ್ಲಿಪ್ (ನೋಂದಣಿಯ ಮಾಹಿತಿ ಚೀಟಿ) ಹೋಗಿ ಮ್ಯುಟೇಶನ್ ಶುರುವಾಗುತ್ತದೆ. ಆಕ್ಷೇಪಣೆಯ ಅವಧಿ ಕಳೆದ ಮೇಲೆ ಪ್ರತಿಯೊಬ್ಬರ ಹೆಸರಿನ ಪಹಣಿ ತೆಗೆದು ಹೆಸರಿನ ಅಕ್ಷರ, ಗುಂಟೆ, ಆಣೆ ಪತ್ರಕ್ಕೆ ತಾಳೆಯಾಗುತ್ತವೆಯೇ ನೋಡಿ. ಪೋಡಿಯಾಗಿ, ಅಂದರೆ ಸರ್ವೆ ದಾಖಲೆಯಲ್ಲೂ ಪಾಲುಗಳು ಬೇರೆಯಾಗಿ, ಹೊಸ ಹಿಸ್ಸಾ (ಉಪಭಾಗದ) ನಂಬರ್ ಬಂದಿದೆಯೇ ಎಂದೂ ನೋಡಿ. ಊರಿನ ಮನೆ, ನಿವೇಶನಗಳಿಗೆ ಪಂಚಾಯಿತಿಯಲ್ಲಿ ಇ-ಸ್ವತ್ತಿನ (ಆಸ್ತಿಯ ಗಣಕೀಕೃತ ದಾಖಲೆಯ) 9 ಮತ್ತು 11ನೇ ನಮೂನೆಗಳು ಹೊಸ ಹೆಸರಿಗೆ ಬದಲಾಗಬೇಕು.