ಡೆಪಾಸಿಟ್ ಎಲ್ಲಿಟ್ಟಿದ್ದೀರಿ ಅಂತ ಓನರ್‌ನ ಕೇಳಿ

ಮನೆ ಖಾಲಿ ಮಾಡಿ ಕೀ ಕೊಟ್ಟ ಮೂರನೇ ದಿನ ಓನರ್ ಕಡೆಯಿಂದ ವಾಟ್ಸಾಪ್ ಬಂತು. ಕಾರ್ಪೆಟ್ ಹಾಳಾಗಿದೆ, ಹಾಲ್ ಗೋಡೆಗೆ ಮತ್ತೆ ಬಣ್ಣ ಹೊಡೆಸಬೇಕು, 600 ಪೌಂಡ್ ಮುರಿದುಕೊಂಡು ಉಳಿದದ್ದು ಕಳಿಸುತ್ತೇನೆ ಅಂತ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಾವು ಎರಡು ವರ್ಷ ಇದ್ದ ಮನೆ ಅದು. ಬಿಡುವ ಹಿಂದಿನ ರಾತ್ರಿ ನಾನೂ ನನ್ನ ಹೆಂಡತಿಯೂ ಹನ್ನೊಂದು ಗಂಟೆವರೆಗೆ ಓವನ್ ಒಳಗೆಲ್ಲ ಉಜ್ಜಿ ತೊಳೆದಿದ್ದೆವು. ಕಾರ್ಪೆಟ್ ನಾವು ಬಂದಾಗಲೇ ಬಾಗಿಲ ಹತ್ತಿರ ಸವೆದಿತ್ತು. ಸಿಟ್ಟು ಬಂತು, ಅದಕ್ಕಿಂತ ಜಾಸ್ತಿ ಬೇಜಾರಾಯಿತು, ಯಾಕೆಂದರೆ ಓನರ್ ನಮ್ಮ ಕಡೆಯವರೇ, ಹಬ್ಬಕ್ಕೆ ಕರೆದಾಗ ಬಂದು ಊಟ ಮಾಡಿ ಹೋದವರು.

ಆಫೀಸಿನಲ್ಲಿ ಇದನ್ನು ಹೇಳಿಕೊಂಡಾಗ ಪಕ್ಕದಲ್ಲಿ ಕೂರುವವರು ಒಂದೇ ಪ್ರಶ್ನೆ ಕೇಳಿದರು. "ಡೆಪಾಸಿಟ್ ಯಾವ ಸ್ಕೀಮ್‌ನಲ್ಲಿದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿನಲ್ಲಿ ಅಡ್ವಾನ್ಸ್ ಕೊಟ್ಟರೆ ಅದು ಓನರ್ ಕೈ ಸೇರಿತು ಅಂತಲೇ ಲೆಕ್ಕ, ಬಿಡುವಾಗ ಅವರು ಮುರಿದುಕೊಂಡಷ್ಟು ಮುರಿದುಕೊಂಡರು, ಅಷ್ಟೇ. ಇಲ್ಲೂ ಹಾಗೇ ಅಂದುಕೊಂಡು ಎರಡು ವರ್ಷ ಕಳೆದುಬಿಟ್ಟಿದ್ದೆ. ಇಂಗ್ಲೆಂಡಿಗೆ ಬಂದಿರುವ ನನ್ನ ಎಷ್ಟೋ ಸ್ನೇಹಿತರಿಗೂ ಇದು ಗೊತ್ತಿರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ವಿಷಯ ಇಷ್ಟು. 2004ರ ಹೌಸಿಂಗ್ ಆಕ್ಟ್ ಪ್ರಕಾರ, 2007ರ ಏಪ್ರಿಲ್ 6ರಿಂದ, ಇಂಗ್ಲೆಂಡಿನ ಸಾಮಾನ್ಯ ಖಾಸಗಿ ಬಾಡಿಗೆ ಮನೆಯ ಡೆಪಾಸಿಟ್ ಅನ್ನು ಓನರ್ ಸುಮ್ನೆ ತನ್ನ ಖಾತೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಸರ್ಕಾರ ಒಪ್ಪಿಗೆ ಕೊಟ್ಟ ಸ್ಕೀಮ್ ಒಂದರಲ್ಲಿ ಅದನ್ನು ರಕ್ಷಿಸಬೇಕು. ಅಂಥವು ಮೂರೇ ಇವೆ: ಡೆಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡೆಪಾಸಿಟ್ಸ್, ಟೆನೆನ್ಸಿ ಡೆಪಾಸಿಟ್ ಸ್ಕೀಮ್. ಕೊನೆಯದನ್ನು ಟಿಡಿಎಸ್ ಅಂತ ಕರೆಯುತ್ತಾರೆ, ನಮ್ಮೂರಿನ ತೆರಿಗೆಯ ಟಿಡಿಎಸ್‌ಗೂ ಅದಕ್ಕೂ ಸಂಬಂಧ ಇಲ್ಲ. ದುಡ್ಡನ್ನೇ ಸ್ಕೀಮ್‌ಗೆ ಒಪ್ಪಿಸಬಹುದು, ಅದಕ್ಕೆ ಶುಲ್ಕವೇ ಇಲ್ಲ. ಇಲ್ಲವೇ ದುಡ್ಡು ತನ್ನ ಹತ್ತಿರ ಇಟ್ಟುಕೊಂಡು ಸ್ಕೀಮ್‌ಗೆ ಶುಲ್ಕ ಕಟ್ಟಿ ವಿಮೆ ಮಾಡಿಸಬಹುದು. ಎರಡರಲ್ಲಿ ಯಾವುದಾದರೂ ಸರಿ, ಆದರೆ 30 ದಿನದೊಳಗೆ ಆಗಬೇಕು. ಆ 30 ದಿನ ಶುರುವಾಗುವುದು ನೀವು ಮನೆಗೆ ಕಾಲಿಟ್ಟ ದಿನದಿಂದ ಅಲ್ಲ, ದುಡ್ಡು ಅವರ ಕೈ ಸೇರಿದ ದಿನದಿಂದ. ಯಾವ ಸ್ಕೀಮ್, ಎಷ್ಟು ದುಡ್ಡು, ವಾಪಸ್ ಪಡೆಯುವುದು ಹೇಗೆ, ಜಗಳವಾದರೆ ಏನು ಮಾಡಬೇಕು, ಇದನ್ನೆಲ್ಲ ಅದೇ 30 ದಿನದಲ್ಲಿ ನಿಮಗೆ ಬರವಣಿಗೆಯಲ್ಲಿ ಕೊಡಬೇಕು, ಇದಕ್ಕೆ ಪ್ರಿಸ್ಕ್ರೈಬ್ಡ್ ಇನ್ಫರ್ಮೇಶನ್ ಅನ್ನುತ್ತಾರೆ. ದುಡ್ಡನ್ನು ಸ್ಕೀಮ್‌ಗೆ ಹಾಕಿ ಈ ಮಾಹಿತಿ ಕೊಡದಿದ್ದರೂ ಅದು ತಪ್ಪೇ. ಇದನ್ನು ಎಷ್ಟೋ ಏಜೆಂಟರೂ ಮರೆಯುತ್ತಾರೆ.

ಡೆಪಾಸಿಟ್ ಮೊತ್ತಕ್ಕೂ ಮಿತಿ ಇದೆ. 2019ರ ಜೂನ್ 1ರಿಂದ ಜಾರಿಗೆ ಬಂದ ಟೆನೆಂಟ್ ಫೀಸ್ ಆಕ್ಟ್ ಪ್ರಕಾರ, ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳಬಾರದು. ನಮ್ಮ ಬಾಡಿಗೆ ತಿಂಗಳಿಗೆ 1,150 ಪೌಂಡ್. 12ರಿಂದ ಗುಣಿಸಿ, 52ರಿಂದ ಭಾಗಿಸಿ, ಐದರಿಂದ ಗುಣಿಸಿದರೆ 1,326 ಪೌಂಡ್ ಚಿಲ್ಲರೆ. ನಾವು ಕೊಟ್ಟದ್ದು 1,326. ಆ ವಿಷಯದಲ್ಲಿ ನಮ್ಮ ಓನರ್ ಸರಿಯಾಗೇ ಇದ್ದರು.

ಅವತ್ತು ರಾತ್ರಿ ಮೂರೂ ಸ್ಕೀಮ್‌ಗಳ ವೆಬ್‌ಸೈಟ್‌ನಲ್ಲಿ ಹುಡುಕಿದೆ. ಪೋಸ್ಟ್‌ಕೋಡ್, ಹೆಸರು, ಬಾಡಿಗೆ ಶುರುವಾದ ದಿನ, ಡೆಪಾಸಿಟ್ ಮೊತ್ತ ಇಂಥವನ್ನು ಹಾಕಿದರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಹೆಂಡತಿಯ ಹೆಸರಿನಲ್ಲೂ ನೋಡಿದೆ, ದಿನಾಂಕ ಹಿಂದೆ ಮುಂದೆ ಮಾಡಿಯೂ ನೋಡಿದೆ. ಎಲ್ಲೂ ಇಲ್ಲ. ಒಂದೊಂದರದ್ದೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ನನಗೆ ತುಂಬಾ ನೋವಾದದ್ದು ಯಾಕೆ ಅಂದರೆ, ಡೆಪಾಸಿಟ್ ರಕ್ಷಿಸಿದ್ದರೆ ಈ 600 ಪೌಂಡ್ ಜಗಳವನ್ನು ಸ್ಕೀಮ್‌ನವರೇ ದುಡ್ಡು ತೆಗೆದುಕೊಳ್ಳದೆ ಬಗೆಹರಿಸುತ್ತಿದ್ದರು. ಅಲ್ಲಿ ಡೆಪಾಸಿಟ್ ಬಾಡಿಗೆದಾರನ ದುಡ್ಡು ಅಂತಲೇ ಶುರು ಮಾಡುತ್ತಾರೆ. ಮುರಿದುಕೊಳ್ಳಬೇಕು ಅನ್ನುವ ಓನರ್ ಅದಕ್ಕೆ ಸಾಕ್ಷಿ ಕೊಡಬೇಕು: ಮನೆಗೆ ಬಂದಾಗಿನ ಇನ್ವೆಂಟರಿ (ಮನೆಯಲ್ಲಿ ಏನೇನಿದೆ, ಯಾವ ಸ್ಥಿತಿಯಲ್ಲಿದೆ ಅನ್ನುವ ಪಟ್ಟಿ), ಬಿಟ್ಟಾಗಿನ ಫೋಟೋ, ರಸೀದಿ. ದಿನಬಳಕೆಯಲ್ಲಿ ಸವೆಯುವುದಕ್ಕೆ ದುಡ್ಡು ಕೇಳುವ ಹಾಗಿಲ್ಲ. ಹಳೇ ಕಾರ್ಪೆಟ್ ಬದಲಿಗೆ ಹೊಸದರ ಪೂರ್ತಿ ಬೆಲೆಯನ್ನೂ ಕೇಳುವ ಹಾಗಿಲ್ಲ. ನಮ್ಮ ಓನರ್ ಇನ್ವೆಂಟರಿ ಮಾಡಿಸಿಯೇ ಇರಲಿಲ್ಲ. ಅಂದರೆ ನ್ಯಾಯ ಹೇಳಲು ಒಬ್ಬ ಮೂರನೆಯವರು ಇರಬೇಕಾಗಿದ್ದ ಜಾಗದಲ್ಲಿ ಯಾರೂ ಇಲ್ಲದ ಹಾಗೆ ಮಾಡಿ, ತಾವೇ ತೀರ್ಪು ಕೊಟ್ಟುಕೊಂಡಿದ್ದರು. "ಒಂದು ಫಾರ್ಮ್ ತುಂಬಿಲ್ಲ ಅಷ್ಟೇ ತಾನೇ" ಅಂತ ಅವರು ಆಮೇಲೆ ಹೇಳಿದರು. ಅಷ್ಟೇ ಅಲ್ಲ. ಆ ಫಾರ್ಮ್ ಇಲ್ಲದಿದ್ದರೆ ಬಾಡಿಗೆದಾರನ ಮಾತು ಕೇಳುವವರು ಯಾರೂ ಇರುವುದಿಲ್ಲ.

ಯಾವ ಸ್ಕೀಮ್ ಅಂತ ಕೇಳಿ ಮೆಸೇಜ್ ಹಾಕಿದೆ. ಒಂದು ದಿನ ಉತ್ತರ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ಪೂರ್ತಿ 1,326 ಪೌಂಡ್ ಖಾತೆಗೆ ಬಂತು, "ಇನ್ನು ವಿಷಯ ಮುಗಿಯಿತು ಅಲ್ವಾ" ಅನ್ನುವ ಸಾಲಿನ ಜೊತೆಗೆ. ಉಚಿತವಾಗಿ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯಲ್ಲಿ ಕೇಳಿದೆ, ವಸತಿ ವಿಷಯದ ಸೇವಾ ಸಂಸ್ಥೆ ಶೆಲ್ಟರ್‌ನವರು ಬರೆದಿಟ್ಟಿರುವ ಮಾಹಿತಿಯನ್ನೂ ಓದಿದೆ. ಕಾನೂನಿನ ಪ್ರಕಾರ ಮುಗಿದಿರಲಿಲ್ಲ. 30 ದಿನ ದಾಟಿದರೆ ತಪ್ಪು ಆಗಿಹೋಯಿತು, ಆಮೇಲೆ ಸ್ಕೀಮ್‌ಗೆ ಹಾಕಿದರೂ, ದುಡ್ಡು ವಾಪಸ್ ಕೊಟ್ಟರೂ ಅದು ಅಳಿಸುವುದಿಲ್ಲ. ಮೊದಲು ಇದರಲ್ಲಿ ಒಂದು ಸಂದು ಇತ್ತು, ಕೇಸಿನ ವಿಚಾರಣೆಗೆ ಮುಂಚೆ ಸ್ಕೀಮ್‌ಗೆ ಹಾಕಿಬಿಟ್ಟರೆ ದಂಡ ತಪ್ಪಿಸಿಕೊಳ್ಳಬಹುದಿತ್ತು. 2011ರ ಲೋಕಲಿಸಂ ಆಕ್ಟ್ ಅದನ್ನು ಮುಚ್ಚಿತು. 14 ದಿನ ಇದ್ದ ಗಡುವು 30 ಆದದ್ದೂ ಅದರಿಂದಲೇ, 2012ರ ಏಪ್ರಿಲ್‌ನಲ್ಲಿ. ಈಗ ತಪ್ಪು ಸಾಬೀತಾದರೆ ಕೋರ್ಟ್ ಡೆಪಾಸಿಟ್‌ನ ಕನಿಷ್ಠ ಒಂದು ಪಟ್ಟು, ಹೆಚ್ಚೆಂದರೆ ಮೂರು ಪಟ್ಟು ಬಾಡಿಗೆದಾರನಿಗೆ ಕೊಡಿಸಲೇಬೇಕು. ಎಷ್ಟು ಪಟ್ಟು ಅನ್ನುವುದು ಓನರ್ ಗೊತ್ತಿಲ್ಲದೆ ಮಾಡಿದರೋ, ಗೊತ್ತಿದ್ದೂ ಮಾಡಿದರೋ, ಹತ್ತಾರು ಮನೆ ಬಾಡಿಗೆಗೆ ಕೊಡುವವರೋ ಅನ್ನುವುದರ ಮೇಲೆ ನಿಂತಿದೆ. ಮನೆ ಬಿಟ್ಟ ಮೇಲೂ ಕೇಳಬಹುದು, ತಪ್ಪಾದ ದಿನದಿಂದ ಆರು ವರ್ಷ ಸಮಯ ಇದೆ. ಡೆಪಾಸಿಟ್ ತೆಗೆದುಕೊಂಡದ್ದು ಏಜೆಂಟ್ ಆಗಿದ್ದರೆ ಅವರ ಮೇಲೂ ಕೇಸ್ ಹಾಕಬಹುದು.

ಇದು ಎಲ್ಲರಿಗೂ ಅನ್ವಯಿಸುವುದಿಲ್ಲ, ಇದನ್ನು ಮೊದಲೇ ನೋಡಿಕೊಳ್ಳಿ. ಓನರ್ ಜೊತೆಗೇ ಅದೇ ಮನೆಯಲ್ಲಿ ಒಂದು ರೂಮಿನಲ್ಲಿದ್ದರೆ ನೀವು ಲಾಡ್ಜರ್, ಈ ರಕ್ಷಣೆ ಇಲ್ಲ. ಓದಲು ಬಂದವರಿಗೆ, ಯೂನಿವರ್ಸಿಟಿಯದೇ ಹಾಸ್ಟೆಲ್ ಆದರೆ ಇಲ್ಲ, ಹೊರಗೆ ಖಾಸಗಿ ಮನೆ ಹಿಡಿದಿದ್ದರೆ ಸಾಮಾನ್ಯವಾಗಿ ಇದೆ.

ನಾನು ಎರಡು ಪುಟದ ಪತ್ರ ಬರೆದೆ. ದುಡ್ಡು ಕೊಟ್ಟ ದಿನ, ಬ್ಯಾಂಕ್ ವರ್ಗಾವಣೆಯ ಪ್ರತಿ, ಸ್ಕ್ರೀನ್‌ಶಾಟ್‌ಗಳು, ಹೌಸಿಂಗ್ ಆಕ್ಟ್‌ನ ಯಾವ ಸೆಕ್ಷನ್ (213 ಮತ್ತು 214), ನನಗೆ ಏನು ಬೇಕು, 14 ದಿನದಲ್ಲಿ ಉತ್ತರ ಬರದಿದ್ದರೆ ಕೌಂಟಿ ಕೋರ್ಟಿಗೆ ಹೋಗುತ್ತೇನೆ ಅಂತ. ಬೈಗುಳ ಒಂದೂ ಇಲ್ಲ. ಕೋರ್ಟಿಗೆ ಹೋಗುವುದಾದರೆ ಎನ್208 ಅನ್ನುವ ಫಾರ್ಮ್. ಶುಲ್ಕ ಇದೆ, ಆದಾಯ ಕಡಿಮೆ ಇದ್ದವರಿಗೆ ವಿನಾಯಿತಿ ಇದೆ. ಆದರೆ ಒಂದು ಎಚ್ಚರ. ಇದು ಸಣ್ಣ ಮೊತ್ತದ ಸುಲಭ ಕೇಸ್ ಅಲ್ಲ, ಸೋತರೆ ಎದುರಿನವರ ಖರ್ಚೂ ನಿಮ್ಮ ಮೇಲೆ ಬೀಳಬಹುದು. ಬಾಡಿಗೆ ಬಾಕಿ ಇದ್ದರೆ ಓನರ್ ತಿರುಗಿ ಅದನ್ನು ಕೇಳಬಹುದು. ಅಗ್ರಿಮೆಂಟಿನಲ್ಲಿ ಇಬ್ಬರ ಹೆಸರಿದ್ದರೆ ಇಬ್ಬರೂ ಸೇರಿ ಹಾಕುವುದು ಒಳ್ಳೆಯದು. ಹಾಗಾಗಿ ಮೊದಲು ಪತ್ರ, ಅದಕ್ಕೂ ಮೊದಲು ಯಾರಾದರೂ ತಿಳಿದವರ ಸಲಹೆ.

ಪತ್ರ ಕಳಿಸುವ ಮುಂಚೆ ಎರಡು ದಿನ ಹಿಂದೆ ಮುಂದೆ ನೋಡಿದೆ. ನಮ್ಮವರ ಮೇಲೆ ಕೇಸಾ, ಜನ ಏನಂದಾರು ಅಂತ. ಹೆಂಡತಿ ಒಂದು ಮಾತು ಹೇಳಿದಳು: "600 ಮುರಿಯುವಾಗ ಅವರಿಗೆ ನಾವು ನಮ್ಮವರು ಅನ್ನಿಸಲಿಲ್ಲ." ಕಳಿಸಿದೆ. ಹತ್ತನೇ ದಿನ ಫೋನ್ ಬಂತು. ಸಿಟ್ಟಿನಲ್ಲೇ ಮಾತು ಶುರು ಮಾಡಿದರು, ಕೊನೆಗೆ ತಗ್ಗಿದರು. ವಾಪಸ್ ಬಂದ ಡೆಪಾಸಿಟ್ ಅಲ್ಲದೆ ಅಷ್ಟೇ ಮೊತ್ತ ಇನ್ನೊಂದು ಸಲ ಕೊಡುವುದು ಅಂತ ಒಪ್ಪಂದವಾಯಿತು, ಬರವಣಿಗೆಯಲ್ಲಿ. ಮೂರು ಪಟ್ಟಿಗೆ ಹಟ ಹಿಡಿಯಬಹುದಿತ್ತು, ನಮಗೆ ಬೇಡವೆನ್ನಿಸಿತು. ಈಗ ಅವರು ಸಿಕ್ಕರೆ ತಲೆ ಆಡಿಸುತ್ತಾರೆ, ಮಾತಿಲ್ಲ.

ಇನ್ನೂ ಅದೇ ಮನೆಯಲ್ಲಿ ಇರುವವರ ಭಯ ಬೇರೆ: ಕೇಳಿದರೆ ಮನೆ ಬಿಡಿಸುತ್ತಾರೇನೋ ಅಂತ. ಡೆಪಾಸಿಟ್ ರಕ್ಷಿಸದ ಓನರ್ ಕಾರಣ ಕೊಡದೆ ಬಿಡಿಸುವ ಸೆಕ್ಷನ್ 21 ನೋಟಿಸ್ ಕೊಡುವಂತೆಯೇ ಇರಲಿಲ್ಲ, ಮೊದಲು ದುಡ್ಡು ವಾಪಸ್ ಕೊಡಬೇಕಿತ್ತು. 2025ರ ರೆಂಟರ್ಸ್ ರೈಟ್ಸ್ ಆಕ್ಟ್ ಪ್ರಕಾರ 2026ರ ಮೇ 1ರಿಂದ ಆ ನೋಟಿಸೇ ಇಲ್ಲ. ಅಲ್ಲಿಂದ ಮುಂದೆ ಕಾರಣ ತೋರಿಸಿ ಕೋರ್ಟಿನಲ್ಲಿ ಕೇಳಬೇಕು, ಡೆಪಾಸಿಟ್ ಸರಿಯಾಗಿ ಇಟ್ಟಿಲ್ಲದಿದ್ದರೆ ಬಾಡಿಗೆದಾರ ಗಲಾಟೆ ಮಾಡಿದ ಕೆಲವು ಪ್ರಕರಣ ಬಿಟ್ಟು ಕೋರ್ಟ್ ಮನೆ ಬಿಡಿಸುವ ಆದೇಶ ಕೊಡುವ ಹಾಗಿಲ್ಲ.

ಸ್ಕಾಟ್‌ಲೆಂಡ್‌ನಲ್ಲಿ ಇರುವವರೇ, ನಿಮ್ಮ ನಿಯಮ ಬೇರೆ. ಅಲ್ಲಿ ಗಡುವು 30 ಕೆಲಸದ ದಿನ, ದೂರು ಹೋಗುವುದು ಟ್ರಿಬ್ಯೂನಲ್‌ಗೆ, ಬಾಡಿಗೆ ಮುಗಿದ ಮೂರು ತಿಂಗಳೊಳಗೆ ಹಾಕಲೇಬೇಕು. ಆರು ವರ್ಷ ಇದೆ ಅಂತ ಕೂತರೆ ಹೋಯಿತು.

ಕೇಳಲು ಸಂಕೋಚ ಆಗುವವರಿಗೆ, ಹೊಸ ಮನೆಗೆ ಬಂದಾಗ ನಾನು ಕಳಿಸಿದ ಇಮೇಲ್ ಇಲ್ಲಿದೆ, ಹಾಗೇ ಬಳಸಿಕೊಳ್ಳಿ: "ನಮಸ್ಕಾರ. ಡೆಪಾಸಿಟ್ ತಲುಪಿದೆ ಅಂದುಕೊಂಡಿದ್ದೇನೆ. ಅದನ್ನು ಯಾವ ಸ್ಕೀಮ್‌ನಲ್ಲಿ ಇಟ್ಟಿದ್ದೀರಿ, ಅದರ ಸರ್ಟಿಫಿಕೇಟ್ ಮತ್ತು ಪ್ರಿಸ್ಕ್ರೈಬ್ಡ್ ಇನ್ಫರ್ಮೇಶನ್ ಕಳಿಸಿಕೊಡಿ. ನನ್ನ ದಾಖಲೆಗೆ ಬೇಕು." ಹೊಸ ಓನರ್ ಒಂಬತ್ತನೇ ದಿನ ಕಳಿಸಿದರು. ಬೇಜಾರು ಮಾಡಿಕೊಳ್ಳಲಿಲ್ಲ.