ಗೌಜಲ ಮರಿಗಳ ಸಾವು

ಜಪಾನಿ ಗೌಜಲಹಕ್ಕಿಯ ಮರಿಗಳು ಈ ವಾರ ದಿನವೂ ಸಾಯುತ್ತಿದ್ದು, ಭೇದಿಯಾಗಲಿ ಮಂಕಾಗಲಿ ಕಾಣದಿದ್ದುದರಿಂದ ಔಷಧಕ್ಕೆ ಕೈಹಾಕುವ ಮೊದಲು ಬ್ರೂಡರನ್ನೇ (ಬಲ್ಬಿನ ಶಾಖದಲ್ಲಿ ಮರಿಗಳನ್ನು ಬೆಚ್ಚಗಿಡುವ ಗೂಡು) ಪರೀಕ್ಷಿಸುವುದು ಸರಿಯೆನಿಸಿತು. ಸತ್ತವುಗಳಲ್ಲಿ ಹೆಚ್ಚಿನವು ಬೆಳಗಿನ ಹೊತ್ತು, ಬಲ್ಬಿನ ನೇರ ಕೆಳಗೆ, ಒಂದರ ಮೇಲೊಂದು ಚಪ್ಪಟೆಯಾಗಿ ಬಿದ್ದಿರುತ್ತಿದ್ದವು. ಎಂದರೆ ನಸುಕಿನಲ್ಲಿ ಕರೆಂಟ್ ಹೋದಾಗ ಚಳಿಗೆ ಗುಂಪುಗೂಡಿ, ಅಡಿಯಲ್ಲಿ ಸಿಕ್ಕವು ಉಸಿರುಗಟ್ಟಿವೆ. ಮೊದಲ ವಾರ ಮರಿಗಳ ಮಟ್ಟದಲ್ಲಿ ಸುಮಾರು 35ರಿಂದ 37 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹುಟ್ಟಿದಾಗ ಏಳೆಂಟು ಗ್ರಾಂ ಮಾತ್ರ ತೂಗುವ ಜೀವಕ್ಕೆ ತನ್ನ ಸಂಕಟವನ್ನು ನಮಗೆ ತಿಳಿಸುವಷ್ಟು ಸಮಯವೂ ಇರುವುದಿಲ್ಲವೇನೋ!

ಆದರೆ ಎಲ್ಲ ಸಾವಿಗೂ ಅದೊಂದೇ ಕಾರಣವಲ್ಲ. ನೀರಿನ ತಟ್ಟೆಯ ಬಳಿ ಸಿಕ್ಕ ಮರಿಯ ಎದೆಯ ತುಪ್ಪಳು ತೊಯ್ದು ಚರ್ಮಕ್ಕೆ ಅಂಟಿತ್ತು. ಅರ್ಧ ಅಂಗುಲ ನೀರೂ ಇವಕ್ಕೆ ಬಾವಿಯೇ, ಹಾಗಾಗಿ ತಟ್ಟೆಯ ತುಂಬ ಗೋಲಿಗಳನ್ನು ಹರಡಿದ್ದೇನೆ. ಮತ್ತೊಂದು ಸತ್ತ ಮರಿಯ ಕತ್ತಿನ ಬುಡದಲ್ಲಿರುವ ಮೇವಿನ ಚೀಲವನ್ನು ಬೆರಳಿನಿಂದ ಒತ್ತಿ ನೋಡಿದರೆ ಪೂರ್ತಿ ಖಾಲಿ. ಕೋಳಿಮರಿಗೆಂದು ಮಾರುವ ಮೇವಿನ ಕಾಳು ಈ ಪುಟ್ಟ ಕೊಕ್ಕಿಗೆ ದಪ್ಪವಾಗುವುದರಿಂದ, ಇನ್ನು ಮೇಲೆ ಅದನ್ನು ಮಿಕ್ಸಿಯಲ್ಲಿ ಪುಡಿಮಾಡಿ, ಜರಡಿ ಹಿಡಿದೇ ಹಾಕುವುದು. ಇಷ್ಟಾದ ಮೇಲೂ ಸಾವು ನಿಲ್ಲದಿದ್ದರೆ, ಆಗಷ್ಟೇ ಸತ್ತ ಮರಿಯನ್ನು ಪಶುವೈದ್ಯರ ಬಳಿ ಮರಣೋತ್ತರ ಪರೀಕ್ಷೆಗೆ ಒಯ್ಯಬೇಕು.